ಜಂಗಮಕೋಟೆಯ ಮೋಡೆಮ್

ಫೋನ್ ಬಂದಾಗ ಗೌಹರಳ ಎರಡೂ ಕೈ ಪ್ರಿಂಟರಿನ ಹೊಟ್ಟೆಯೊಳಗಿದ್ದವು. ಶಿಡ್ಲಘಟ್ಟದ ತನ್ನ ರಿಪೇರಿ ಅಂಗಡಿಯ ಷಟರ್ ಎತ್ತಿ ಇನ್ನೂ ಕಾಲು ಗಂಟೆ ಆಗಿರಲಿಲ್ಲ. ಅವಳ ಅಬ್ಬಾ ಸಾದಿಕ್ ಪಾಷಾ ಕುರ್ಚಿಯಿಂದ ಎದ್ದು ಬಂದು ಫೋನನ್ನು ಅವಳ ಕಿವಿಗೆ ಹಿಡಿದರು.

“ಗೌಹರಮ್ಮ, ನಾನು ಜಂಗಮಕೋಟೆ ಲಕ್ಷ್ಮಿದೇವಮ್ಮ. ಮೋಡೆಮ್ ಮಾತಾಡ್ತಾ ಇಲ್ಲ ಕಣಮ್ಮ. ಮೆಸೇಜ್ ಎಲ್ಲಾ ಹಳದಿ ಬಣ್ಣದಾಗೇ ನಿಂತವೆ. ಒಂದೂ ಹಸಿರಾಗ್ಲಿಲ್ಲ.”

“ದೀಪ ಉರೀತಿದೆಯಾ ಅಕ್ಕಾ?”

“ಉರೀತದೆ. ಮಿಣಮಿಣ ಅಂತದೆ.”

“ಹಂಗಾದ್ರೆ ಏನೂ ಆಗಿಲ್ಲ ಬಿಡಿ. ನೆಟ್‌ವರ್ಕ್ ಇರಲ್ಲ, ಅಷ್ಟೇ. ತಾನಾಗೇ ಹೋಗ್ತವೆ. ನೀವೇನೂ ಮುಟ್ಟಬೇಡಿ.”

“ಸರಿ ಕಣಮ್ಮ, ಮುಟ್ಟಲ್ಲ.”

ಅಷ್ಟೇ ಮಾತು. ಗೌಹರ್ ಮತ್ತೆ ಪ್ರಿಂಟರಿನ ಕಡೆ ತಿರುಗಿದಳು. ಆ ಫೋನನ್ನು ಮಧ್ಯಾಹ್ನದ ಹೊತ್ತಿಗೆ ಮರೆತೇಬಿಟ್ಟಳು.

ಜಂಗಮಕೋಟೆಯಲ್ಲಿ ಚೆನ್ನರಾಯಪ್ಪನವರದು ಚಾಕಿ ಕೇಂದ್ರ. ರೇಷ್ಮೆ ಮೊಟ್ಟೆ ತಂದು, ಮರಿ ಮಾಡಿಸಿ, ಎರಡನೇ ಜ್ವರದವರೆಗೆ ಎಳೆ ಹುಳುಗಳನ್ನು ಸಾಕಿ ಬೆಳೆಗಾರರಿಗೆ ಕೊಡುವ ಜಾಗ. ಹುಳು ಪೊರೆ ಬಿಡಲು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ಅಲ್ಲಾಡದೆ ಕೂರುವುದನ್ನು ಈ ಕಡೆ ಜ್ವರ ಅನ್ನುತ್ತಾರೆ. ಹಾಗೆ ಕೂತಿರುವಾಗಲೇ ಹುಳುಗಳನ್ನು ಸಾಗಿಸಿಬಿಡಬೇಕು. ಎದ್ದವೆಂದರೆ ಹೊಟ್ಟೆಗೆ ಬೇಕು, ಕೈಕಾಲು ಚಾಚಲು ಜಾಗ ಬೇಕು. ಅದಕ್ಕೇ ಹುಳು ಜ್ವರಕ್ಕೆ ಕೂತ ದಿನ ಎಂಬತ್ತಾರು ಬೆಳೆಗಾರರಿಗೆ ಒಂದೇ ಸಲ ತಿಳಿಸಬೇಕಾಗುತ್ತಿತ್ತು. ವಾಟ್ಸ್ಯಾಪ್ ಗುಂಪೊಂದಿತ್ತು, ಆದರೆ ಅದರ ತುಂಬ ಬೆಳಗಿನ ಶುಭಾಶಯದ ಗುಲಾಬಿ ಹೂಗಳು. ಅರ್ಧ ಜನರ ಕೈಯಲ್ಲಿ ಇನ್ನೂ ಬಟನ್ ಫೋನು. ಹಾಗಾಗಿ ಎರಡು ವರ್ಷದ ಹಿಂದೆ ಗೌಹರ್ ಅಲ್ಲಿನ ಕಂಪ್ಯೂಟರಿಗೆ ಒಂದು ಮೋಡೆಮ್ ಜೋಡಿಸಿ ಕೊಟ್ಟಿದ್ದಳು. ಅಂಗೈಯಗಲದ ಕಬ್ಬಿಣದ ಡಬ್ಬಿ, ಒಳಗೊಂದು ಸಿಮ್ಮು, ಮೇಲೊಂದು ಗಿಡ್ಡ ಆಂಟೆನಾ. ಹೆಸರುಗಳ ಪಟ್ಟಿ ತೆರೆದು ಒಂದು ಗುಂಡಿ ಒತ್ತಿದರೆ ಸಾದಲಿಯಿಂದ ಕೆಂಚಾರ್ಲಹಳ್ಳಿಯವರೆಗೆ ಎಲ್ಲರ ಜೇಬೂ ಒಟ್ಟಿಗೆ ಟಿಣ್ ಅನ್ನುತ್ತಿತ್ತು, ಹೋದ ಮೆಸೇಜು ಪರದೆಯ ಮೇಲೆ ಹಸಿರಾಗುತ್ತಿತ್ತು.

ಆ ಗುಂಡಿ ಒತ್ತುವವಳು ಲಕ್ಷ್ಮಿದೇವಮ್ಮ. ಐವತ್ತೆರಡು ವರ್ಷ, ಓದಿದ್ದು ಏಳನೇ ಕ್ಲಾಸು. ಹದಿನಾರು ವರ್ಷ ಅದೇ ಕೇಂದ್ರದಲ್ಲಿ ಸೊಪ್ಪು ಹೆಚ್ಚಿದವಳು. “ಇವಳಿಗೆ ಯಾಕಮ್ಮ ಕಂಪ್ಯೂಟರು, ಬೇರೆ ಯಾರಿಗಾದ್ರೂ ಕಲಿಸು” ಎಂದು ಚೆನ್ನರಾಯಪ್ಪ ಅಂದಾಗ, “ಸರ್, ಹುಳು ಯಾವಾಗ ಜ್ವರಕ್ಕೆ ಕೂರುತ್ತೆ ಅಂತ ನೋಡಿದ ತಕ್ಷಣ ಹೇಳೋರು ಇವರೊಬ್ಬರೇ ತಾನೆ?” ಎಂದು ಹಟ ಹಿಡಿದು ಕಲಿಸಿದವಳು ಗೌಹರ್. ಒಂದು ತಿಂಗಳು ವಾರಕ್ಕೆರಡು ದಿನ ಸ್ಕೂಟರಿನಲ್ಲಿ ಹೋಗಿ ಪಕ್ಕದಲ್ಲಿ ಕೂತು ಕಲಿಸಿದ್ದಳು. ಅವಳು ಹೇಳಿಕೊಟ್ಟ ಮೊದಲನೇ ಪಾಠ: ಏನೇ ಮಾಡಿದರೂ ಕೊನೆಗೆ ನಿಮ್ಮದೇ ಫೋನಿಗೆ ಒಂದು ಮೆಸೇಜ್ ಕಳಿಸಿ ನೋಡಿ. ಅದು ಬಂದ ಮೇಲೇ ಕುರ್ಚಿಯಿಂದ ಏಳಬೇಕು.

ಸಂಜೆ ಐದಕ್ಕೆ ಚೆನ್ನರಾಯಪ್ಪನವರೇ ಫೋನ್ ಮಾಡಿದರು. ದನಿ ಏರಿತ್ತು.

“ಏನಮ್ಮಾ ಇದು? ಒಬ್ಬ ಬೆಳೆಗಾರ ಬಂದಿಲ್ಲ. ಹುಳು ಎಲ್ಲಾ ಎದ್ದು ಕೂತವೆ. ಇಷ್ಟು ಹುಳುಗೆ ನಾನೆಲ್ಲಿಂದ ಸೊಪ್ಪು ತರಲಿ? ಈಗ ಒಬ್ಬೊಬ್ಬರಿಗೂ ಫೋನ್ ಮಾಡಿಸ್ತಾ ಇದೀನಿ. ಬೇಗ ಬಾ.”

ಗೌಹರ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಳು. ತಲುಪುವ ಹೊತ್ತಿಗೆ ಕೇಂದ್ರದ ಅಂಗಳದಲ್ಲಿ ಮೂರು ನಾಲ್ಕು ಟೆಂಪೋ ನಿಂತಿದ್ದವು. ಸಾದಲಿಯ ಮುನಿಗಂಗಪ್ಪ ಎಂಬ ಬೆಳೆಗಾರ ಲಕ್ಷ್ಮಿದೇವಮ್ಮನ ಎದುರು ನಿಂತು ಕೂಗಾಡುತ್ತಿದ್ದ.

“ಬೆಳಿಗ್ಗೆನೇ ಹೇಳಿದ್ರೆ ಬೆಳಿಗ್ಗೆನೇ ಬರ್ತಿರಲಿಲ್ವಾ? ಇನ್ನೂರು ಮೊಟ್ಟೆ ಅಂದ್ರೆ ಹತ್ರ ಹತ್ರ ಲಕ್ಷ ಹುಳು! ಹಸ್ಕೊಂಡು ಒಂದರ ಮೇಲೊಂದು ಹತ್ತಿ ಬಿದ್ದವೆ ನೋಡು. ಏಮಮ್ಮಾ, ಬರದಿದ್ದ ಮೇಲೆ ಆ ಮೆಷಿನ್ ಮುಂದೆ ಯಾಕೆ ಕೂತ್ಕೊತೀಯ? ಸೊಪ್ಪು ಕುಯ್ಯೋಕೆ ಹೋಗು!”

ಲಕ್ಷ್ಮಿದೇವಮ್ಮ ಸೆರಗಿನ ತುದಿಯನ್ನು ಕೈಯಲ್ಲಿ ಮುದುರುತ್ತ ತಲೆ ತಗ್ಗಿಸಿ ನಿಂತಿದ್ದಳು. ಗೌಹರಳನ್ನು ಕಂಡದ್ದೇ ಅವಳ ಮುಖ ಒಂಚೂರು ಅರಳಿತು. “ಬಂದ್ಯಾ ತಾಯಿ” ಅಂದಳು.

ಗೌಹರ್ ಕೆಲಸಕ್ಕೆ ಕೂತಳು. ಮೊದಲು ಕರೆಂಟು ನೋಡಿದಳು, ಅಡಾಪ್ಟರ್ ಸರಿಯಿತ್ತು. ಹಿಂದಿನ ಕೇಬಲ್ ಬಿಚ್ಚಿ ತನ್ನ ಬ್ಯಾಗಿನಲ್ಲಿದ್ದ ಬೇರೆ ಕೇಬಲ್ ಹಾಕಿದಳು. ಕಂಪ್ಯೂಟರಿನ ಪೋರ್ಟು ಸರಿಯಿತ್ತು. ಆಮೇಲೆ ಕಪ್ಪು ಪರದೆಯೊಂದನ್ನು ತೆರೆದು ಎ, ಟಿ ಎಂಬ ಎರಡಕ್ಷರ ಒತ್ತಿ ಎಂಟರ್ ಹೊಡೆದಳು. ಮೋಡೆಮನ್ನು ‘ಇದ್ದೀಯಾ?’ ಎಂದು ಕೇಳುವ ರೀತಿ ಅದು. ಇದ್ದರೆ ‘ಓಕೆ’ ಎಂದು ಬರೆದು ತೋರಿಸುತ್ತದೆ. ಏನೂ ಬರಲಿಲ್ಲ. ಮತ್ತೆ ಒತ್ತಿದಳು. ಇಲ್ಲ. ಮೋಡೆಮನ್ನು ಆರಿಸಿ, ಹತ್ತು ಎಣಿಸಿ, ಹಚ್ಚಿದಳು. ದೀಪ ಮಿಣಮಿಣ ಎಂದಿತು. ಉತ್ತರ ಮಾತ್ರ ಇಲ್ಲ.

ಚೆನ್ನರಾಯಪ್ಪ ಬೆನ್ನ ಹಿಂದೆಯೇ ನಿಂತಿದ್ದರು. ಅವರ ಉಸಿರು ಕೇಳಿಸುತ್ತಿತ್ತು.

ಕಂಪ್ಯೂಟರ್ ಯಾವ ವೇಗದಲ್ಲಿ ಮಾತಾಡುತ್ತದೋ ಅದೇ ವೇಗದಲ್ಲಿ ಕೇಳಿಸಿಕೊಳ್ಳುವಂತೆ ಮೋಡೆಮನ್ನೂ ಇಟ್ಟಿರಬೇಕು. ಎರಡೂ ಹೊಂದದಿದ್ದರೆ ಒಂದರ ಮಾತು ಇನ್ನೊಂದಕ್ಕೆ ಬರೀ ಗೊರಗೊರ. ಗೌಹರ್ ಇಟ್ಟಿದ್ದ ವೇಗ ಒಂಬತ್ತು ಸಾವಿರದ ಆರುನೂರು. ಯಾವುದಕ್ಕೂ ಇರಲಿ ಎಂದು ಪರದೆಯ ಮೇಲೆ ಒಂದೊಂದೇ ವೇಗ ಬದಲಿಸುತ್ತ ಬಂದಳು. ಹತ್ತೊಂಬತ್ತು ಸಾವಿರ, ಮೂವತ್ತೆಂಟು ಸಾವಿರ, ಐವತ್ತೇಳು ಸಾವಿರ. ಕೊನೆಗೆ ಒಂದು ಲಕ್ಷದ ಹದಿನೈದು ಸಾವಿರದ ಇನ್ನೂರು ಎಂದು ಇಟ್ಟು ಎ, ಟಿ ಒತ್ತಿದಳು.

‘ಓಕೆ’ ಎಂದು ಬಂತು.

ಆ ಎರಡಕ್ಷರ ನೋಡಿದ ಕ್ಷಣವೇ ಆ ವೇಗ ಇಟ್ಟದ್ದು ಯಾರೆಂದು ಅವಳಿಗೆ ನೆನಪಾಯಿತು.

ಹತ್ತು ದಿನದ ಹಿಂದೆ ಹೊಸ ಸಿಮ್ ಹಾಕಲು ಅವಳೇ ಬಂದಿದ್ದಳು. ಮೋಡೆಮನ್ನು ತನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಳಗೆ ತುಂಬಿಕೊಂಡಿದ್ದ ಹಳೇ ಮೆಸೇಜುಗಳನ್ನು ಅಳಿಸುವಾಗ, ಬೇಗ ಆಗಲಿ ಎಂದು ವೇಗ ಏರಿಸಿ ಹಾಗೆಯೇ ಸೇವ್ ಮಾಡಿದ್ದಳು. ಮುಗಿಯುವ ಹೊತ್ತಿಗೆ ಕೆಂಚಾರ್ಲಹಳ್ಳಿಯ ಇನ್ನೊಂದು ಚಾಕಿ ಕೇಂದ್ರದಿಂದ ಫೋನ್ ಬಂತು: ಚೆನ್ನರಾಯಪ್ಪನವರ ಹತ್ತಿರ ಇರುವಂಥದೇ ನಮಗೂ ಬೇಕು, ಈಗಲೇ ಬರ್ತೀರಾ? ಖುಷಿಯಲ್ಲಿ ಲ್ಯಾಪ್‌ಟಾಪ್ ಮಡಚಿ, ಕೇಬಲ್ಲನ್ನು ಕಂಪ್ಯೂಟರಿಗೆ ಹಿಂದಕ್ಕೆ ಸಿಕ್ಕಿಸಿ ಎದ್ದುಬಿಟ್ಟಿದ್ದಳು. ಹಳೇ ವೇಗಕ್ಕೆ ತರಲಿಲ್ಲ. ಒಂದು ಮೆಸೇಜ್ ಕಳಿಸಿ ನೋಡಲಿಲ್ಲ. “ಟೀ ಕುಡ್ಕೊಂಡು ಹೋಗಮ್ಮ” ಎಂದು ಲಕ್ಷ್ಮಿದೇವಮ್ಮ ಲೋಟ ಹಿಡಿದು ಬಾಗಿಲವರೆಗೂ ಬಂದಿದ್ದಳು.

“ಏನಾಗಿತ್ತಮ್ಮ?” ಚೆನ್ನರಾಯಪ್ಪ ಕೇಳಿದರು.

“ಸೆಟ್ಟಿಂಗ್ ಬದಲಾಗಿತ್ತು ಸರ್.”

ಬದಲಾಗಿತ್ತು. ಬದಲಾಯಿಸಿದ್ದೆ ಅಂತ ಹೇಳಬೇಕಿತ್ತು. ನಾಲಿಗೆ ಆ ದಾರಿ ಹಿಡಿಯಲಿಲ್ಲ.

“ತಾನಾಗೇ ಹೆಂಗೆ ಬದಲಾಗುತ್ತೆ?” ಎನ್ನುತ್ತ ಚೆನ್ನರಾಯಪ್ಪ ತಿರುಗಿ ಲಕ್ಷ್ಮಿದೇವಮ್ಮನನ್ನು ನೋಡಿದರು. ಮುನಿಗಂಗಪ್ಪನೂ ನೋಡಿದ. ಬಾಗಿಲಲ್ಲಿ ನಿಂತಿದ್ದವರೆಲ್ಲ ನೋಡಿದರು.

“ನಾನೇನೂ ಮುಟ್ಟಿಲ್ಲ ಅಣ್ಣಾ. ದೇವರಾಣೆ ಮುಟ್ಟಿಲ್ಲ. ಬೆಳಿಗ್ಗೆ ಗೌಹರಮ್ಮನೇ ಮುಟ್ಟಬೇಡ ಅಂದ್ಲು, ಸುಮ್ನೆ ಕೂತಿದ್ದೆ. ಅಲ್ವೇನಮ್ಮ?”

ಈಗ ಎಲ್ಲರೂ ಗೌಹರಳನ್ನು ನೋಡುತ್ತಿದ್ದರು. ಕೆಂಚಾರ್ಲಹಳ್ಳಿಯವರು ಮುಂದಿನ ವಾರ ಕೆಲಸ ಶುರು ಮಾಡಿ ಅಂದಿದ್ದರು. ಗೌರಿಬಿದನೂರಿನಿಂದಲೂ ಒಬ್ಬರು ವಿಚಾರಿಸಿದ್ದರು. ಎಲ್ಲ ಚೆನ್ನರಾಯಪ್ಪನವರ ಬಾಯಿಮಾತಿನಿಂದ. ‘ಹೆಣ್ಣುಮಗಳು ಏನ್ ರಿಪೇರಿ ಮಾಡ್ತಾಳೆ’ ಎಂದು ಊರವರು ನಗುತ್ತಿದ್ದಾಗ ಅವಳನ್ನು ಒಳಗೆ ಕರೆದು ಕೆಲಸ ಕೊಟ್ಟವರು ಅವರು.

“ಕೆಲವು ಸಲ,” ಗೌಹರ್ ಪರದೆಯ ಕಡೆಗೇ ನೋಡುತ್ತ ಹೇಳಿದಳು, “ನಮಗೆ ಗೊತ್ತಿಲ್ಲದಂಗೆ ಕೈ ತಾಗಿಬಿಡುತ್ತೆ ಸರ್.”

ಲಕ್ಷ್ಮಿದೇವಮ್ಮ ಕಂಪ್ಯೂಟರಿನ ಹತ್ತಿರದಿಂದ ಹಿಂದೆ ಸರಿದಳು. ಗೌಹರ್ ವೇಗವನ್ನು ಹಳೆಯದಕ್ಕೆ ತಂದು, ಸೇವ್ ಮಾಡಿ, ತನ್ನ ಫೋನಿಗೆ ಒಂದು ಮೆಸೇಜ್ ಕಳಿಸಿ ನೋಡಿ, ಬ್ಯಾಗು ಮುಚ್ಚಿದಳು. ಆ ದಿನ ಟೀ ಕುಡಿದು ಹೋಗು ಎಂದು ಯಾರೂ ಅನ್ನಲಿಲ್ಲ.

ಮೂರು ದಿನ ಬಿಟ್ಟು ಚೆನ್ನರಾಯಪ್ಪನವರ ತಮ್ಮ ಮೋಹನ್‌ಬಾಬು ಫೋನ್ ಮಾಡಿ, ಇನ್ನು ಮೇಲೆ ಮೆಸೇಜ್ ಕೆಲಸ ನಂದು, ಹೇಗೆ ಅಂತ ಒಂದ್ಸಲ ಹೇಳಿಬಿಡಿ ಅಂದ. ಲಕ್ಷ್ಮಿದೇವಮ್ಮ ಎಲ್ಲಿ ಎಂದು ಕೇಳಲು ಗೌಹರಳಿಗೆ ಧೈರ್ಯ ಬರಲಿಲ್ಲ. ಅವನೇ ಹೇಳಿದ: “ಅವಳು ಮತ್ತೆ ಸೊಪ್ಪಿನ ಮನೆಗೆ.”

ಆ ರಾತ್ರಿಯ ಊಟ ಅವಳಿಗೆ ಸೇರಲಿಲ್ಲ. ಅಬ್ಬಾ ಕೇಳಿದರು. ಅವಳು ಇದ್ದದ್ದು ಇದ್ದಂತೆ ಹೇಳಿದಳು. ಅವರು ಬೈಯುತ್ತಾರೆ, ಬೈದರೆ ಒಂದು ದಾರಿಯಾಗುತ್ತದೆ ಎಂದುಕೊಂಡಿದ್ದಳು. ಮೂವತ್ತು ವರ್ಷ ನೂಲು ಬಿಚ್ಚುವ ಬಿಸಿನೀರಿನ ಹಬೆಯಲ್ಲಿ ಎದೆ ಕೆಡಿಸಿಕೊಂಡ ಮುದುಕ, ರೊಟ್ಟಿ ಮುರಿದು ಅವಳ ತಟ್ಟೆಗೆ ಹಾಕಿದರು.

“ಸುಮ್ಮನಿರು ಬೇಟಾ,” ಅಂದರು. “ಆಯಮ್ಮನಿಗೆ ಕೂಲಿ ಏನೂ ತಪ್ಪಿಲ್ಲವಲ್ಲ. ನಿನ್ನ ಹೆಸರು ಹೋದರೆ ಮತ್ತೆ ಬರಲ್ಲ.”

ಅವರು ಹಾಗೆ ಹೇಳಿದ್ದು ಅವಳನ್ನು ಇನ್ನಷ್ಟು ಕುಗ್ಗಿಸಿತು. ಯಾಕೆಂದರೆ ಅವಳೂ ತನಗೆ ತಾನೇ ಅದೇ ಮಾತನ್ನು ಮೂರು ದಿನದಿಂದ ಹೇಳಿಕೊಳ್ಳುತ್ತಿದ್ದಳು. ಕೂಲಿ ತಪ್ಪಿಲ್ಲ ನಿಜ. ಆದರೆ ಮೊದಲ ಸಲ ಎಂಬತ್ತಾರೂ ಮೆಸೇಜ್ ಹಸಿರಾದಾಗ ಲಕ್ಷ್ಮಿದೇವಮ್ಮ ಕಂಪ್ಯೂಟರಿಗೆ ಕೈಮುಗಿದದ್ದನ್ನು ಅಬ್ಬಾ ನೋಡಿರಲಿಲ್ಲ. ಗೌಹರ್ ನೋಡಿದ್ದಳು.

ಮೂರು ವಾರದಲ್ಲಿ ಕೆಂಚಾರ್ಲಹಳ್ಳಿಯ ಕೆಲಸ ಮುಗಿಯಿತು. ಗೌರಿಬಿದನೂರಿನಲ್ಲಿ ವೆಂಕಟರಾಮಪ್ಪ ಎಂಬವರ ಕೇಂದ್ರಕ್ಕೆ ಹೋದಳು. ಕವಿತ ಎಂಬ ಕೆಲಸದ ಹೆಂಗಸು ಕಂಪ್ಯೂಟರಿನ ಧೂಳು ಒರೆಸಿ, ಬಿಳಿ ಹಾಳೆಯ ಪುಸ್ತಕ ತೆರೆದಿಟ್ಟುಕೊಂಡು, ಕಲಿಯಲು ಪಕ್ಕದಲ್ಲಿ ನಿಂತಿದ್ದಳು. ಗೌಹರ್ ಡಬ್ಬಿ ಬಿಚ್ಚುತ್ತಿರುವಾಗ ವೆಂಕಟರಾಮಪ್ಪ ಒಳಗೆ ಬಂದರು.

“ಕವಿತ, ನೀನು ಹೋಗಮ್ಮ, ಇದನ್ನ ನನ್ನ ಅಳಿಯ ನೋಡ್ಕೊತಾನೆ” ಎಂದು ಅವಳನ್ನು ಕಳಿಸಿ ಗೌಹರಳಿಗೆ ಹೇಳಿದರು: “ಜಂಗಮಕೋಟೆ ಕಥೆ ಕೇಳಿದೀನಮ್ಮ. ಯಾವಳೋ ಓದುಬರಹ ಇಲ್ಲದೋಳಿಗೆ ಮೆಷಿನ್ ಕೊಟ್ಟು, ಅವಳು ಎಲ್ಲಾ ಗುಂಡಿ ಒತ್ತಿ ಕೆಡಿಸಿ, ಊರಿನ ಹುಳುವೆಲ್ಲ ಸತ್ತೋದ್ವಂತಲ್ಲ? ನೀನು ಹೋಗಿ ಅರ್ಧ ಗಂಟೇಲಿ ಸರಿ ಮಾಡಿದೆಯಂತೆ. ಚೆನ್ನರಾಯಪ್ಪ ನಿನ್ನ ಬಹಳ ಹೊಗಳಿದ್ರು.”

ಕವಿತ ಪುಸ್ತಕ ಮುಚ್ಚಿ ಎದೆಗವಚಿಕೊಂಡು ಹೊರಗೆ ಹೋಗಿದ್ದಳು. ಗೌಹರ್ ಒಂದು ತಿರುಪು ಬಿಗಿಯುತ್ತಿದ್ದಳು. ಅದು ಎಷ್ಟು ತಿರುಗಿಸಿದರೂ ಹಿಡಿತಕ್ಕೆ ಸಿಗಲಿಲ್ಲ. “ಹಂಗೇನಿಲ್ಲ ಸರ್” ಅಂದಳು. ವಾಪಸ್ ಬರುವಾಗ ಚಿಕ್ಕಬಳ್ಳಾಪುರದ ಹತ್ತಿರ ಸ್ಕೂಟರ್ ನಿಲ್ಲಿಸಿ, ರಸ್ತೆ ಬದಿಯಲ್ಲಿ ಹೆಲ್ಮೆಟ್ ತೆಗೆಯದೆ ಕೂತಳು. ತಾನು ಆಡಿದ್ದು ನಾಲ್ಕು ಮಾತು. ಅದು ಆಗಲೇ ಮೂರು ತಾಲ್ಲೂಕು ದಾಟಿತ್ತು.

ಮರುದಿನ ಬೆಳಿಗ್ಗೆ ಅಂಗಡಿ ತೆಗೆಯದೆ ನೇರ ಜಂಗಮಕೋಟೆಗೆ ಹೋದಳು.

ಲಕ್ಷ್ಮಿದೇವಮ್ಮ ಹಿಪ್ಪುನೇರಳೆ ತೋಟದಲ್ಲಿ ಎಳೆ ಸೊಪ್ಪು ಬಿಡಿಸುತ್ತಿದ್ದಳು. ಬಂದವಳನ್ನು ನೋಡಿದಳು, ಕೈ ನಿಲ್ಲಿಸಲಿಲ್ಲ.

“ಅಕ್ಕಾ, ಅವತ್ತು ಮೋಡೆಮ್ ಕೆಡಿಸಿದ್ದು ನಾನು.” ದಾರಿಯುದ್ದಕ್ಕೂ ಬೇರೆ ಏನೇನೋ ಜೋಡಿಸಿಕೊಂಡು ಬಂದಿದ್ದಳು, ಬಾಯಿಗೆ ಬಂದದ್ದು ಇಷ್ಟೇ. “ಸಿಮ್ ಹಾಕಕ್ಕೆ ಬಂದಾಗ ನಾನೇ ಸೆಟ್ಟಿಂಗ್ ಬದಲಾಯಿಸಿ ಹಂಗೇ ಬಿಟ್ಟು ಹೋಗಿದ್ದೆ. ನಿಮ್ಮ ತಪ್ಪಿಲ್ಲ.”

ಲಕ್ಷ್ಮಿದೇವಮ್ಮ ಇನ್ನೂ ನಾಲ್ಕು ಎಲೆ ಬಿಡಿಸಿ ಬುಟ್ಟಿಗೆ ಹಾಕಿದಳು.

“ನನಗ್ಯಾಕಮ್ಮ ಹೇಳ್ತೀಯ?” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಮುಟ್ಟಿಲ್ಲ ಅಂತ ನನಗೆ ಗೊತ್ತೇ ಐತೆ. ಗೊತ್ತಿಲ್ಲದೋರಿಗೆ ಹೇಳು.”

ಗೌಹರಳ ಕಣ್ಣಲ್ಲಿ ನೀರು ಬಂತು. ಲಕ್ಷ್ಮಿದೇವಮ್ಮ ಅದನ್ನು ನೋಡಿಯೂ ನೋಡದವಳಂತೆ ಮುಂದಿನ ಗಿಡಕ್ಕೆ ಸರಿದಳು.

“ನಾಳಿದ್ದು ಹುಳು ಕೊಡ್ತಾರೆ. ಎಲ್ಲಾರೂ ಬರ್ತಾರೆ,” ಎಂದಳು ಬೆನ್ನು ತಿರುಗಿಸಿಕೊಂಡೇ.

ಆ ಎರಡು ದಿನ ಗೌಹರ್ ಹೇಗೆ ಕಳೆದಳೋ. ಚೆನ್ನರಾಯಪ್ಪನವರೊಬ್ಬರಿಗೇ ಒಳಗೆ ಕೂತು ಹೇಳಿಬಿಟ್ಟರೆ ಸಾಲದೇ ಎಂದು ಹತ್ತು ಸಲ ಲೆಕ್ಕ ಹಾಕಿದಳು. ಲಕ್ಷ್ಮಿದೇವಮ್ಮನಿಗೆ ಬೈದದ್ದು ಅಂಗಳದಲ್ಲಿ, ಹತ್ತು ಜನರ ಮುಂದೆ. ಲೆಕ್ಕ ಎಲ್ಲಿಗೂ ಹೊಂದಲಿಲ್ಲ.

ಹುಳು ಕೊಡುವ ದಿನ ಅಂಗಳದ ತುಂಬ ಜನ. ಟ್ರೇಗಳ ಮೇಲೆ ಹೊಸ ಕಾಗದ ಹೊದಿಸಿ ಟೆಂಪೋಗೆ ಏರಿಸುತ್ತಿದ್ದರು. ಗೌಹರ್ ಸ್ಕೂಟರ್ ನಿಲ್ಲಿಸಿ ಚೆನ್ನರಾಯಪ್ಪನವರ ಮೇಜಿನ ಹತ್ತಿರ ಹೋದಳು.

“ಸರ್, ಎಲ್ಲರ ಮುಂದೆ ಒಂದು ಮಾತು ಹೇಳಬೇಕು.”

“ಏನಮ್ಮಾ, ಹೇಳು” ಎಂದರು ಅವರು, ನಗುತ್ತಲೇ.

ಅವಳ ದನಿ ಬೇಕಾದ್ದಕ್ಕಿಂತ ಜೋರಾಗಿ ಹೊರಟಿತು. ಹೋದ ಸಲ ಮೆಸೇಜ್ ಹೋಗದಿದ್ದದ್ದು ತನ್ನ ತಪ್ಪಿನಿಂದ ಎಂದಳು. ಸಿಮ್ ಹಾಕಿದ ದಿನ ತಾನು ಏನು ಮಾಡಿದೆ, ಏನು ಮಾಡದೆ ಹೋದೆ ಎಂದು ಹೇಳಿದಳು. ಲಕ್ಷ್ಮಿದೇವಮ್ಮ ಬೆಳಿಗ್ಗೆ ಒಂಬತ್ತೂವರೆಗೇ ಫೋನ್ ಮಾಡಿದ್ದರು, ಸುಮ್ಮನಿರಿ ಎಂದವಳೂ ನಾನೇ ಎಂದಳು. “ಗೊತ್ತಾದ ಮೇಲೂ ಹೆದರಿ ಸುಳ್ಳು ಹೇಳಿದೆ. ಅಕ್ಕ ಏನೂ ಮುಟ್ಟಿರಲಿಲ್ಲ.”

ಟ್ರೇ ಏರಿಸುತ್ತಿದ್ದವರು ನಿಂತರು. ಚೆನ್ನರಾಯಪ್ಪನವರ ಮುಖದ ನಗು ಮೆಲ್ಲಗೆ ಇಳಿದು, ಕಿವಿಯವರೆಗೂ ಕೆಂಪಾಯಿತು.

“ಇದನ್ನ ಅವತ್ತೇ ನನ್ನ ಕಿವೀಲಿ ಹೇಳಿದ್ರೆ ಆಗ್ತಿರಲಿಲ್ವಾ? ನಾನು ಊರೂರಲ್ಲಿ ನಿನ್ನ ಹೆಸರು ಹೇಳ್ಕೊಂಡು ಬಂದೀನಲ್ಲಮ್ಮ!”

ಮುನಿಗಂಗಪ್ಪ ಟೆಂಪೋದಿಂದ ಇಳಿದು ಬಂದ. “ಅರ್ಧಕ್ಕರ್ಧ ಹುಳು ಗೂಡು ಕಟ್ಟಲಿಲ್ಲ ನಂದು. ಗೂಡಿಗೆ ಹಣ್ಣಾಗೋ ಮುಂಚೆನೇ ಸತ್ತು ಉದುರಿದ್ವು. ಗೊತ್ತಾ?” ಎಂದ.

“ಗೊತ್ತಿರಲಿಲ್ಲ ಅಣ್ಣಾ.”

“ಈಗ ಗೊತ್ತಾಯ್ತಲ್ಲ.” ಅವನು ಇನ್ನೂ ಏನೋ ಅನ್ನುವವನಿದ್ದ. ಅಷ್ಟರಲ್ಲಿ ಸೊಪ್ಪಿನ ಮನೆಯ ಬಾಗಿಲಲ್ಲಿ ಕುಡುಗೋಲು ಹಿಡಿದು ನಿಂತಿದ್ದ ಲಕ್ಷ್ಮಿದೇವಮ್ಮನ ಮೇಲೆ ಅವನ ಕಣ್ಣು ಬಿತ್ತು. ತಲೆಯ ಟವೆಲ್ ತೆಗೆದು ಮುಖ ಒರೆಸಿಕೊಂಡ. ನಿಧಾನವಾಗಿ ಅತ್ತ ಹೋದ.

“ಲಕ್ಷ್ಮಿದೇವಮ್ಮ,” ಎಂದ, ಕೆಮ್ಮಿಕೊಂಡು. “ನನ್ನ ನಂಬರು ಬದಲಾಗೈತೆ. ಸ್ವಲ್ಪ... ಆ ಪಟ್ಟೀಲಿ ಸರಿ ಮಾಡಿಬಿಡಮ್ಮ. ನೀನೇ ಮಾಡು.”

ಲಕ್ಷ್ಮಿದೇವಮ್ಮ ಕುಡುಗೋಲು ಕೆಳಗಿಟ್ಟು ಕೈ ತೊಳೆದುಕೊಂಡಳು. ಚೆನ್ನರಾಯಪ್ಪನವರ ಕಡೆ ನೋಡಿದಳು. ಅವರು ಮೋಹನ್‌ಬಾಬುವಿಗೆ ಏಳು ಎಂಬಂತೆ ಕೈಸನ್ನೆ ಮಾಡಿದರು. ಅವಳು ಕಂಪ್ಯೂಟರಿನ ಮುಂದೆ ಕೂತು, ಮುನಿಗಂಗಪ್ಪ ಒಂದೊಂದಾಗಿ ಹೇಳಿದ ಅಂಕಿಗಳನ್ನು ಒಂದೇ ಬೆರಳಲ್ಲಿ ಒತ್ತಿದಳು.

ಜನ ಚದುರಿದ ಮೇಲೆ ಚೆನ್ನರಾಯಪ್ಪ ಬೇರೆಡೆ ನೋಡುತ್ತ, ಇನ್ನು ಮೇಲೆ ಇಲ್ಲೇ ಹತ್ತಿರದ ವಿಜಯಪುರದ ಬಯ್ಯಪ್ಪ ಎಂಬವನು ಈ ಕೆಲಸ ನೋಡಿಕೊಳ್ಳಲಿ ಅಂದರು. ಗೌಹರ್ ತಲೆಯಾಡಿಸಿದಳು. ಬ್ಯಾಗಿನಿಂದ ಪಾಸ್‌ವರ್ಡ್ ಬರೆದಿದ್ದ ಚೀಟಿ ತೆಗೆದು ಮೇಜಿನ ಮೇಲಿಟ್ಟು ಹೊರಟಾಗ, ಒಳಗಿನಿಂದ ಲಕ್ಷ್ಮಿದೇವಮ್ಮ ಕರೆದಳು.

“ಇಲ್ಲಿ ಬಾ.”

ಅವಳ ತೊಡೆಯ ಮೇಲೆ ಒಂದು ನೋಟ್‌ಬುಕ್ಕಿತ್ತು.

“ಆ ಸೆಟ್ಟಿಂಗ್ ಎಲ್ಲಿರ್ತದೆ, ಹೆಂಗೆ ಸರಿ ಮಾಡದು, ತೋರಿಸಿ ಹೋಗು. ಮುಂದೆ ಯಾರು ಬಂದು ಏನ್ ಮಾಡಿಟ್ಟು ಹೋದ್ರೂ ನನಗೆ ಗೊತ್ತಾಗಬೇಕು. ಸುಮ್ನೆ ಕೂತ್ಕೋ ಅಂದ್ರೆ ಇನ್ನು ನಾನು ಕೂರಲ್ಲ.”

ಗೌಹರ್ ಪಕ್ಕದ ಸ್ಟೂಲಿನ ಮೇಲೆ ಕೂತಳು. ಮೌಸ್ ಮುಟ್ಟಲಿಲ್ಲ. ಬಾಯಲ್ಲೇ ಹೇಳಿದಳು, ಲಕ್ಷ್ಮಿದೇವಮ್ಮ ತಾನೇ ಕಪ್ಪು ಪರದೆ ತೆರೆದು, ವೇಗ ಕೆಡಿಸಿ, ಉತ್ತರ ಬರದಿರುವುದನ್ನು ನೋಡಿ, ಮತ್ತೆ ಸರಿ ಮಾಡಿದಳು. ಎರಡು ಸಲ ಮಾಡಿದಳು. ಒಂದೊಂದು ಹೆಜ್ಜೆಯನ್ನೂ ದಪ್ಪ ಅಕ್ಷರದಲ್ಲಿ ಬರೆದುಕೊಂಡಳು. ಒಮ್ಮೆಯೂ ಗೌಹರಳ ಮುಖ ನೋಡಲಿಲ್ಲ, ಒಂದು ಮಾತನ್ನೂ ಹೆಚ್ಚಿಗೆ ಆಡಲಿಲ್ಲ.

“ಸಾಕು, ಬಂತು. ನೀನಿನ್ನು ಹೊರಡು” ಎಂದಳು.

ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು ಗೌಹರ್. ಆಗಲಿಲ್ಲ. ಸ್ಕೂಟರ್ ಹತ್ತಿ ಶಿಡ್ಲಘಟ್ಟದ ದಾರಿ ಹಿಡಿದವಳು ಊರು ಸೇರಿದ ಮೇಲೂ ಅಂಗಡಿಯ ಮುಂದೆ ನಿಲ್ಲಲಿಲ್ಲ. ಗೌರಿಬಿದನೂರು ಇನ್ನೂ ದೂರವಿತ್ತು. ವೆಂಕಟರಾಮಪ್ಪನವರು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವ ಮುಂಚೆ ತಲುಪಬೇಕು, ಕವಿತಳೂ ಅಲ್ಲಿರುವಾಗಲೇ ಹೇಳಬೇಕು ಎಂದುಕೊಂಡು ಗಾಡಿಯ ವೇಗ ಹೆಚ್ಚಿಸಿದಳು.